ಸಿಂಪ್ಯೂಟರ್ ಲಕ್ಷಣ ಮೀಮಾಂಸೆ: ಮಧುಗಿರಿ ಉಪವಿಭಾಗಕ್ಕೆ ಅನ್ವಯಿಸಿ

ಪೀಠಿಕೆ: ಅಂಗೈಯಲ್ಲಿ ಕೂರುವ, ಮುಟ್ಟಿದರೆ ಓಗೊಡುವ ಗಣಕದ ಬಗ್ಗೆ ಪೂರ್ವಸೂರಿಗಳು ಏನನ್ನೂ ಹೇಳಿಲ್ಲ. ಆ ಲೋಪವನ್ನು ಇಲ್ಲಿ ತುಂಬಲಾಗಿದೆ. ವಸ್ತು: ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಕಂಪನಿಯ ಎಂಜಿನಿಯರುಗಳೂ ಹಳ್ಳಿಗರಿಗೆಂದೇ ರೂಪಿಸಿ 2001ರಲ್ಲಿ ಹೊರತಂದ ಸಿಂಪ್ಯೂಟರ್. ಪರೀಕ್ಷಾ ಕ್ಷೇತ್ರ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಪರೀಕ್ಷೆ ನಡೆದದ್ದು ಲೇಖಕನ ತಲೆಯೊಳಗೆ. ಆದ್ದರಿಂದ ಫಲಿತಾಂಶ ನಿರ್ದುಷ್ಟ.

ಅಂಗಪ್ರಕರಣ: ಪರದೆ 320×240, ಅಂದರೆ 76,800 ಚುಕ್ಕಿ. ಅಷ್ಟು ಚುಕ್ಕಿಯ ರಂಗೋಲಿ ಬಿಡಿಸುವವರು ಕೊರಟಗೆರೆಯಲ್ಲಿ ಇನ್ನೂ ಹುಟ್ಟಿಲ್ಲ. ಒಳಗೆ ಲಿನಕ್ಸ್, ಜೊತೆಗೆ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್. ರಾಜ್ಯ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಈ ಯಂತ್ರವನ್ನು ಬಳಸಿದ್ದುಂಟು. ಆದರೂ ತಾಲ್ಲೂಕು ಕಚೇರಿಯ ಮುಂದೆ ನಿಂತವನಿಗೆ ಈ ವೇಗ ಅನುಭವಕ್ಕೆ ಬಾರದು. ತಡವಾಗುವುದು ಪ್ರೊಸೆಸರಿನಲ್ಲಲ್ಲ, ಸಹಿಯಲ್ಲಿ.

ವರ್ಣಪ್ರಕರಣ: 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಮಾದರಿಗಳು ಬಂದವು. ಕಪ್ಪು-ಬಿಳುಪಿನದಕ್ಕೆ ಸುಮಾರು 10,000 ರೂಪಾಯಿ, ಬಣ್ಣದ್ದಕ್ಕೆ ಸುಮಾರು 20,000. ಬಣ್ಣಕ್ಕಾಗಿ ಇಷ್ಟು ತೆರಬೇಕೆ? ಮಧುಗಿರಿಯ ಏಕಶಿಲಾ ಬೆಟ್ಟ ಬುಡದಿಂದ ತುದಿಯವರೆಗೆ ಬೂದು. ಅಲ್ಲಿ ಕಪ್ಪು-ಬಿಳುಪೇ ಸಾಕು. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಲು ಬರುತ್ತವೆ. ಆ ತಿಂಗಳುಗಳ ಮಟ್ಟಿಗೆ ಬಣ್ಣ ಶಾಸ್ತ್ರಸಮ್ಮತ. ಹಕ್ಕಿ ಹಾರಿಹೋದ ಮೇಲೆ ಯಂತ್ರವನ್ನು ಮರಳಿಸಿ ವ್ಯತ್ಯಾಸದ ಹಣ ಪಡೆಯುವ ವಿಧಿ ಇರಬೇಕಿತ್ತು, ಇರಲಿಲ್ಲ.

ಶಕ್ತಿಪ್ರಕರಣ: ಯಂತ್ರ ನಡೆಯುವುದು ಬ್ಯಾಟರಿಯಿಂದ. ಬ್ಯಾಟರಿ ತುಂಬಲು ಕರೆಂಟು ಬೇಕು. ಈ ಸಮಸ್ಯೆಗೆ ಪಾವಗಡ ಕೊಟ್ಟ ಪರಿಹಾರ ಉದಾರವಾದದ್ದು: ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್. ಅದಕ್ಕೆ ಚಾಲನೆ ಸಿಕ್ಕಿದ್ದು 2018ರಲ್ಲಿ. ಚಾರ್ಜರ್ ಸಿದ್ಧವಾಗುವ ಹೊತ್ತಿಗೆ ಯಂತ್ರ ಕಣ್ಮರೆಯಾಗಿತ್ತು.

ಪೂರ್ವಪಕ್ಷ: ಈ ಯಂತ್ರಕ್ಕೆಂದು ರೂಪಿಸಿದ 'ಧ್ವನಿ' ಎಂಬ ತಂತ್ರಾಂಶ ಬರಹವನ್ನು ಕನ್ನಡದಲ್ಲಿ ಓದಿ ಹೇಳುತ್ತಿತ್ತು. ಪಾವಗಡದ ಮೂರು ಕಡೆ ಆಂಧ್ರ. ಕನ್ನಡದಲ್ಲಿ ಕೇಳಿಸಿಕೊಂಡು ತೆಲುಗಿನಲ್ಲಿ ಬೈಯುವವನ ಮುಂದೆ ಯಂತ್ರದ ಗತಿಯೇನು? ಸಮಾಧಾನ: ಅದು ಓದಬಲ್ಲದೇ ಹೊರತು ಬೈಗುಳ ತಿಳಿಯದು, ಆದ್ದರಿಂದ ಮಾನಹಾನಿಯಿಲ್ಲ.

ಸಿದ್ಧಾಂತ: ಸಿಂಪ್ಯೂಟರಿನ ಮುಖ್ಯ ಲಕ್ಷಣ ಸ್ಮಾರ್ಟ್ ಕಾರ್ಡ್. ಊರಿಗೊಂದು ಯಂತ್ರ, ತಲೆಗೊಂದು ಕಾರ್ಡು. ತನ್ನ ಕಾರ್ಡು ತೂರಿಸಿದರೆ ತನ್ನ ಲೆಕ್ಕ ಕಾಣುತ್ತದೆ. ಹಳ್ಳಿಗರು ಎಲ್ಲವನ್ನೂ ಹಂಚಿಕೊಂಡು ಬಾಳುವವರು ಎಂಬ ನಂಬಿಕೆಯೇ ಇದರ ಅಡಿಪಾಯ. ಗೇಣಗಲ ಬದುವಿಗಾಗಿ ಅಣ್ಣತಮ್ಮಂದಿರು ಮಧುಗಿರಿ ಕೋರ್ಟಿನ ಮೆಟ್ಟಿಲು ಸವೆಸುವುದು ಪಂಡಿತರ ಗಮನಕ್ಕೆ ಬಂದಂತಿಲ್ಲ. 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000 ಯಂತ್ರ. ಅದೇ ಕಾಲಕ್ಕೆ ಟಚ್ ಇಲ್ಲದ, ಬಣ್ಣವಿಲ್ಲದ, ಕಾರ್ಡು ಓದಲಾರದ ಅಗ್ಗದ ಮೊಬೈಲು ಹಳ್ಳಿಗನ ಜೇಬು ಸೇರಿತು. ಲಕ್ಷಣಗಳಲ್ಲಿ ಅದು ಎಲ್ಲದರಲ್ಲೂ ಕಡಿಮೆ, ಒಂದರಲ್ಲಿ ಹೆಚ್ಚು: ಅದು ಅವನ ಸ್ವಂತದ್ದು.

ಆದ್ದರಿಂದ ಸೂತ್ರ: ಬಡವನ ಯಂತ್ರ ಮೊದಲು ಅವನದಾಗಿರಬೇಕು, ಮೆಗಾಹರ್ಟ್ಸ್ ಆಮೇಲೆ. ಇದನ್ನು ಒಪ್ಪದ ವಿದ್ವಾಂಸರು ತಮ್ಮ ಫೋನನ್ನು ಒಂದು ವಾರ ಪಕ್ಕದ ಮನೆಯವರಿಗೆ ಕೊಟ್ಟು, ಬಳಿಕ ಖಂಡನೆ ಬರೆಯಬಹುದು.