ಕಡೂರು-ತರೀಕೆರೆ-ಅಜ್ಜಂಪುರ ಸೀಮೆಯ ಅಂತರ್‌ಗ್ರಹೀಯ ತೂಕ ಮೀಮಾಂಸೆ: ಒಂದು ಬಹುಆಯಾಮಿ ಒಳನೋಟ

ಪ್ರಸ್ತುತ ಅಧ್ಯಯನವು ದೇಹಭಾರವೆಂಬ ಪರಿಕಲ್ಪನೆಯನ್ನು ಗುರುತ್ವಾಕರ್ಷಣಾತ್ಮಕ ನೆಲೆಯಲ್ಲಿ, ಪ್ರಾದೇಶಿಕ ಚೌಕಟ್ಟಿನೊಳಗೆ, ಅಂತರ್‌ಶಿಸ್ತೀಯ ಆಯಾಮಗಳ ಹಿನ್ನೆಲೆಯಲ್ಲಿ ಮರುನಿರ್ವಚಿಸುವ ವಿನಮ್ರ ಪ್ರಯತ್ನವಾಗಿದೆ. (ಅರ್ಥ ಹುಡುಕಬೇಡಿ. ವಿಚಾರ ಸಂಕಿರಣವೊಂದರಲ್ಲಿ ಇಂಥವನ್ನು ಎರಡೂವರೆ ಗಂಟೆ ಕೇಳಿ ಹೊರಗೆ ಬಂದಾಗ ಅನ್ನ ಮುಗಿದು ಸಾರು ಮಾತ್ರ ಉಳಿದಿತ್ತು. ಆ ಹಸಿವಿನಲ್ಲಿ ಹುಟ್ಟಿದ ಪ್ರಬಂಧ ಇದು.)

ಅಧ್ಯಯನದ ವ್ಯಾಪ್ತಿ: ಮೂರು ತಾಲ್ಲೂಕು, ಎಂಟು ಗ್ರಹ. ಮಿತಿ: ಪೆಟ್ರೋಲು.

ಪೂರ್ವಸೂರಿಗಳ ಪ್ರಕಾರ ಇಲ್ಲಿ 60 ಕಿಲೋ ತೂಗುವವನು ಚಂದ್ರನ ಮೇಲೆ 10, ಮಂಗಳನಲ್ಲಿ 23, ಗುರುಗ್ರಹದಲ್ಲಿ 150 ಕಿಲೋ ತೂಗುತ್ತಾನೆ. ಗುರುವಿನಲ್ಲಿ ನಿಲ್ಲಲು ನೆಲವೇ ಇಲ್ಲ, ಬರೀ ಅನಿಲ. ಮೆಷಿನ್ ಎಲ್ಲಿಡುವುದೆಂದು ಪೂರ್ವಸೂರಿಗಳು ಹೇಳಿಲ್ಲ. ಮೇಲಾಗಿ ಈ ಅಂಕಿಗಳೆಲ್ಲ ಸ್ಪ್ರಿಂಗ್ ತ್ರಾಸಿನವು. ನಮ್ಮಜ್ಜನ ತಕ್ಕಡಿಯನ್ನು ಚಂದ್ರನಿಗೆ ಒಯ್ದರೆ ಒಂದು ತಟ್ಟೆಯ ಈರುಳ್ಳಿಯೂ ಇನ್ನೊಂದು ತಟ್ಟೆಯ ಬಟ್ಟೂ ಒಂದೇ ಸಮ ಹಗುರಾಗುತ್ತವೆ, ಮುಳ್ಳು ಅಲ್ಲಾಡುವುದಿಲ್ಲ. ತಟ್ಟೆಯಡಿ ಹುಣಸೆಹಣ್ಣು ಅಂಟಿಸಿದ್ದರೆ ಮಾತ್ರ ಅದು ಯಾವ ಗ್ರಹದಲ್ಲೂ ತನ್ನ ಕೆಲಸ ಮಾಡುತ್ತದೆ.

ಸ್ಥಳೀಯ ಗುರುತ್ವದ ವ್ಯತ್ಯಯವನ್ನೂ ಪರಿಶೀಲಿಸಲಾಯಿತು. ಕಡೂರಿನ ಬಯಲಿನಲ್ಲಿ 60 ಕಿಲೋ ತೋರಿಸಿದವನನ್ನೂ ಅದೇ ಮೆಷಿನ್ನನ್ನೂ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ, ಅಂದರೆ 1434 ಮೀಟರ್ ಎತ್ತರಕ್ಕೆ, ಹತ್ತಿಸಿದರೆ ಇಳಿಯುವುದು ಹತ್ತು ಗ್ರಾಂ ಆಸುಪಾಸು. ಒಂದೆರಡು ಒಣ ಅಡಿಕೆಯ ತೂಕ. ಉತ್ತರ ಧ್ರುವಕ್ಕೇ ಹೊತ್ತುಕೊಂಡು ಹೋದರೆ ಮುನ್ನೂರು ಗ್ರಾಂ ಏರೀತು.

ಇನ್ನು ವರ್ಗೀಕರಣ. ತೂಕವು ಪಂಚವಿಧ: ಮನೆತೂಕ, ದಾರಿತೂಕ, ಮಂಡಿತೂಕ, ಚೀಟಿತೂಕ, ಕೈತೂಕ. ಮನೆತೂಕವು ಆಶಾಮೂಲವಾದದ್ದು. ದಾರಿತೂಕವು ಲಾರಿಯವನ ಬಾಯಲ್ಲಿ ಮಾತ್ರ ಇರುವಂಥದ್ದು. ಮೂರನೆಯದು... ಅದನ್ನು ನೇರವಾಗಿಯೇ ಹೇಳುತ್ತೇನೆ, ಉಳಿದೆರಡು ಹಾಳಾಗಿಹೋಗಲಿ.

ಅಜ್ಜಂಪುರ ಕಡೆಯ ನಮ್ಮ ದೊಡ್ಡಪ್ಪ ಒಂದು ವರ್ಷ ನಲವತ್ತು ಚೀಲ ಈರುಳ್ಳಿ ಬೆಳೆದಿದ್ದರು. ಊರ ಹಿಟ್ಟಿನ ಗಿರಣಿಯಲ್ಲಿ ಒಂದೊಂದನ್ನೂ 60 ಕಿಲೋಗೆ ಸರಿಯಾಗಿ ತೂಗಿ, ಬಾಯಿ ಹೊಲಿದು, ಲಾರಿಗೆ ಹಾಕಿದೆವು. ಪೇಟೆಯ ಮಂಡಿಯಲ್ಲಿ, ಹೆಸರು ಬೇಡ, ಚೀಲ 58 ಆಯಿತು. ಈರುಳ್ಳಿ ಒಣಗಿ ತೂಕ ಇಳಿಯುತ್ತದೆ ಎಂದು ವಿದ್ವಾಂಸರು ಆಕ್ಷೇಪಿಸಬಹುದು. ಇಳಿಯುತ್ತದೆ, ನಿಜ. ಅವತ್ತು ದಾರಿಯುದ್ದಕ್ಕೂ ಮಳೆ. ಟಾರ್ಪಾಲು ಹರಿದು ಮೇಲಿನ ಚೀಲಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಹಾಗಾದರೆ ಕಾರಣ ಗುರುತ್ವವೇ ಇರಬೇಕು. ನ್ಯೂಟನ್ನನ ಸೂತ್ರ ಹಾಕಿದೆ. 60 ಕಿಲೋ 58 ಆಗಬೇಕಾದರೆ ಮೆಷಿನ್ ನೆಲದಿಂದ ಸುಮಾರು 109 ಕಿಲೋಮೀಟರ್ ಮೇಲಿರಬೇಕು. ಆಕಾಶ ಮುಗಿದು ಅಂತರಿಕ್ಷ ಶುರುವಾಗುವುದು 100 ಕಿಲೋಮೀಟರಿಗೆ ಎಂದು ಲೆಕ್ಕ. ಅಂದರೆ ಆ ಮಂಡಿ ಅಂತರಿಕ್ಷದಲ್ಲಿದೆ! 2023ರಲ್ಲಿ ಚಂದ್ರನ ಮೇಲೆ 26 ಕಿಲೋದ ಪ್ರಜ್ಞಾನ್ ರೋವರ್ ಓಡಾಡಿದಾಗ ದೇಶವೆಲ್ಲ ಪಟಾಕಿ ಹೊಡೆಯಿತು. ಅರ್ಧ ಚೀಲ ಈರುಳ್ಳಿಯಷ್ಟೂ ಇಲ್ಲ ಅದು. ನಾವು ಹಮಾಲಿ ಕೊಟ್ಟು ನಲವತ್ತು ಚೀಲವನ್ನು ಅಂತರಿಕ್ಷದಲ್ಲಿ ಇಳಿಸಿದ್ದೆವು, ಕೇಳುವವರಿಲ್ಲ.

ನಲವತ್ತು ಚೀಲಕ್ಕೆ ಎಂಬತ್ತು ಕಿಲೋ. ಒಂದು ಚೀಲ ತುಂಬಿ ಇನ್ನೂ ಮಿಗುತ್ತದೆ. ಆ ಒಂದು ಚೀಲಕ್ಕೆ ದೊಡ್ಡಮ್ಮ ಎಷ್ಟು ದಿನ ಬಗ್ಗಿ ಕಳೆ ಕಿತ್ತಿದ್ದಳೋ, ಎದ್ದು ನಿಲ್ಲುವಾಗ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಲ್ಲುತ್ತಾಳೆ ಈಗಲೂ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ತೂಕದ ಮೆಷಿನ್ನಿಗೆ ಪರಿಶೀಲನೆಯ ಮುದ್ರೆ ಬೇಕು. ಹುಡುಕಿದೆ. ಮುದ್ರೆ ಇರಬೇಕಾದ ಕಡೆ ಲಕ್ಷ್ಮಿಯ ಸ್ಟಿಕ್ಕರ್ ಇತ್ತು, ಕುಂಕುಮ ಹಚ್ಚಿದ್ದರು. ಅಂಕಿ ಕಾಣುವ ಮುಖ ಗುಮಾಸ್ತರ ಕಡೆಗಿತ್ತು. "ತೂಕದ ವ್ಯತ್ಯಾಸ ಎಲ್ಲ ಕಡೆ ಇರೋದೇ" ಅಂದರು ಅವರು, ತಲೆ ಎತ್ತದೆ. ನಾನು ಎಂಎಸ್ಸಿ ಓದಿದವನು. ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ.

ಕೊನೆಯ ಚೀಲ ಇಳಿದ ಮೇಲೆ ದೊಡ್ಡಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಬಿಟ್ಟು, ತಾವೇ ಮೆಷಿನ್ ಹತ್ತಿದರು. ಹಿಂದಿನ ದಿನ ಬಿಪಿ ಮಾತ್ರೆ ತರಲು ಹೋದಾಗ ಆಸ್ಪತ್ರೆಯಲ್ಲಿ 54 ಎಂದು ಬರೆದುಕೊಟ್ಟಿದ್ದರು. ಸಿದ್ಧಾಂತದ ಪ್ರಕಾರ ಇಲ್ಲಿ 52.2 ಬರಬೇಕು. ಬಗ್ಗಿ ನೋಡಿದೆ. 52.2.

"ನನ್ನಲ್ಲೂ ಹೊಡ್ದವ್ರೆ ಕಣೋ" ಅಂದರು ದೊಡ್ಡಪ್ಪ.

"ಯಜಮಾನ್ರೇ, ಇಳೀರಿ, ಹಿಂದಿನ ಗಾಡಿಯೋರು ಕಾಯ್ತಾವ್ರೆ" ಅಂದರು ಗುಮಾಸ್ತರು.