ಲಂಗೋಟಿ ಮೀಮಾಂಸಕರು

ನಮ್ಮ ಅಳಿಯಂದಿರು ಇಡ್ಲಿ ಪಾತ್ರೆ ಕೊಳ್ಳುವುದಕ್ಕೆ ಹನ್ನೊಂದು ವಾರ ತೆಗೆದುಕೊಂಡವರು. ಅಲ್ಯೂಮಿನಿಯಮ್ಮೋ ಸ್ಟೀಲೋ, ತಟ್ಟೆಗೆ ನಾಲ್ಕು ಕುಳಿಯೋ ಐದೋ, ಆವಿ ಹೋಗುವ ತೂತು ಎಲ್ಲಿರಬೇಕೋ ಅಂತ ಅವರು ವಿಚಾರ ಮಾಡುತ್ತಿದ್ದಷ್ಟು ದಿನವೂ ನನ್ನ ಮಗಳು ಉಪ್ಪಿಟ್ಟು ಕೆದಕುತ್ತಿದ್ದಳು. ಕೊನೆಗೆ ತಂದ ಪಾತ್ರೆ ನಮ್ಮ ಮೈಸೂರಿನ ಮನೆಯಲ್ಲಿರುವಂಥದ್ದೇ. ಆದರೆ ಅವರದು ಸಾಬೀತಾದ ಇಡ್ಲಿ ಪಾತ್ರೆ, ನಮ್ಮದು ಮದುವೆಯಲ್ಲಿ ಯಾರೋ ಕೊಟ್ಟದ್ದು.

ಇಂಥವರನ್ನು ನೀವೂ ನೋಡಿರುತ್ತೀರಿ. ಹೋಟೆಲಿನಲ್ಲಿ ಮೆನು ಕಾರ್ಡನ್ನು ಸೈಟಿನ ಕ್ರಯಪತ್ರದ ಹಾಗೆ ಓದುತ್ತಾರೆ. ದೋಸೆ ಬಂದ ಮೇಲೂ ಪಕ್ಕದ ಮೇಜಿನ ಪೂರಿಯನ್ನು ಅನುಮಾನದಿಂದ ನೋಡುತ್ತಾರೆ. ಮನುಷ್ಯ ಒಳ್ಳೆಯವರು, ಒಂದು ಕೆಟ್ಟ ಅಭ್ಯಾಸವಿಲ್ಲ. ಇದ್ದಿದ್ದರೆ ಯಾವ ಬ್ರಾಂಡು ಅಂತ ನಿರ್ಧರಿಸುವುದರಲ್ಲೇ ಆಯುಸ್ಸು ಕಳೆದು ಹೋಗುತ್ತಿತ್ತು. ಎಲ್ಲದಕ್ಕೂ ಅವರ ಹತ್ತಿರ ಒಂದು ಎಕ್ಸೆಲ್ ಶೀಟ್ ಇದೆ. ನನ್ನ ಮಗಳನ್ನು ನೋಡಲು ಬಂದ ಕಾಲದಲ್ಲೂ ಒಂದಿದ್ದಿರಬೇಕು. ಅವಳಿಗೆ ಎಷ್ಟು ಅಂಕ ಬಂದಿತ್ತೋ, ಎರಡನೇ ಸ್ಥಾನದಲ್ಲಿ ಯಾರಿದ್ದರೋ, ಇವತ್ತಿಗೂ ಕೇಳುವ ಧೈರ್ಯ ಆಗಿಲ್ಲ.

ಬಾಣಂತನಕ್ಕೆಂದು ನಾನೂ ನಮ್ಮಾಕೆಯೂ ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ಹೋಗಿ ಇಳಿದದ್ದು ಅಕ್ಟೋಬರ್ ತಿಂಗಳಲ್ಲಿ. ಒಂದು ಸೂಟ್‌ಕೇಸಿನ ತುಂಬ ಬಾಣಂತಿ ಸಾಮಾನು: ಮೆಂತ್ಯದ ಹಿಟ್ಟು, ಬಜೆ, ಮೆಣಸಿನ ಪುಡಿ, ಕೊಬ್ಬರಿ ಬೆಲ್ಲದ ಉಂಡೆ. ಇನ್ನೊಂದರ ತಳದಲ್ಲಿ ನಮ್ಮಾಕೆ ಹಳೇ ಬಟ್ಟೆ ತುರುಕಿದ್ದಳು. ಅವಳ ಎರಡು ನೂಲಿನ ಸೀರೆ, ನನ್ನ ಒಂದು ಮೇಲುಕೋಟೆ ಪಂಚೆ. "ಇಪ್ಪತ್ಮೂರು ಕೆ.ಜಿ.ಯಲ್ಲಿ ಚಿಂದಿಗೂ ಜಾಗ ಬೇಕೇನೇ?" ಅಂದೆ. "ನಿಮಗೆ ಗೊತ್ತಾಗಲ್ಲ, ಸುಮ್ನಿರಿ" ಅಂದಳು. ಮೂವತ್ತೇಳು ವರ್ಷದ ಸಂಸಾರದಲ್ಲಿ ಇದು ನನಗೆ ಅತಿ ಹೆಚ್ಚು ಸಲ ಸಿಕ್ಕ ಉತ್ತರ.

ಮಾರನೆಯ ದಿನ ಕಾಫಿ ಕುಡಿಯುವ ಹೊತ್ತಿಗೆ ಅಳಿಯಂದಿರು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು.

"ಮಾವ, ನಿಮ್ಮಿಂದ ಒಂದು ಡೇಟಾ ಬೇಕಿತ್ತು. ನಿಮ್ಮ ಕಾಲದಲ್ಲಿ ಮಗೂಗೆ ದಿನಕ್ಕೆ ಎಷ್ಟು ಬಟ್ಟೆ ಬೇಕಾಗ್ತಿತ್ತು? ಆವರೇಜು?"

ನನಗೆ ಗೊತ್ತಿರಲಿಲ್ಲ. ಮಗಳು ಹುಟ್ಟಿದ್ದು ಅರಕಲಗೂಡಿನಲ್ಲಿ, ನನ್ನ ಮಾವನವರ ಮನೆಯಲ್ಲಿ. ನಾನು ಭಾನುವಾರ ಭಾನುವಾರ ಕಿತ್ತಳೆಹಣ್ಣು, ಹಾರ್ಲಿಕ್ಸ್ ಹಿಡಿದುಕೊಂಡು ಹೋಗಿ, ತೊಟ್ಟಿಲನ್ನು ಎರಡು ಸಲ ತೂಗಿ, ಮಗು ಮುಖ ಸೊಟ್ಟ ಮಾಡಿದ ತಕ್ಷಣ "ಏನೋ ಮಾಡಿರ್ಬೇಕು ನೋಡೇ" ಅಂತ ಎದ್ದು ಜಗಲಿಗೆ ಬರುತ್ತಿದ್ದೆ. ಹಿತ್ತಲಲ್ಲಿ ಬಿಳಿ ತುಂಡುಗಳು ಸಾಲಾಗಿ ಹಾರಾಡುತ್ತಿದ್ದುದು ನೆನಪಿದೆ. ಎಣಿಸಿರಲಿಲ್ಲ.

"ಹತ್ತು ಅಂತ ಹಾಕಿಕೊಂಡಿದ್ದೀನಿ" ಅಂದರು ಅಳಿಯಂದಿರು. "ವಾರಕ್ಕೆ ಎಪ್ಪತ್ತು."

ಶೀಟಿನಲ್ಲಿ ಮೂರು ಸಾಲು. ಮೊದಲನೆಯದು ಡಿಸ್ಪೋಸಬಲ್, ಹಾಕಿ ಬಿಸಾಡುವಂಥದ್ದು. ಎರಡನೆಯದು ಬಟ್ಟೆ, ಮನೆಯಲ್ಲೇ ಒಗೆಯುವುದು, ಇದರ ಎದುರಿಗೆ ನನ್ನ ಮಗಳು ಕೆಂಪು ಅಕ್ಷರದಲ್ಲಿ "ಯಾರು?" ಅಂತ ಬರೆದಿದ್ದಳು, ಆ ಸಾಲು ಅಲ್ಲಿಗೆ ಮುಗಿದಿತ್ತು. ಮೂರನೆಯದು ಡಯಾಪರ್ ಸರ್ವೀಸ್. ಏನದು ಅಂದೆ. ಅಳಿಯಂದಿರ ಮುಖ ಅರಳಿತು. ವಾರಕ್ಕೊಂದು ದಿನ ವ್ಯಾನು ಬರುತ್ತದಂತೆ. ಶುಭ್ರವಾದ ನೂಲಿನ ಮಡಿಕೆ ಬಟ್ಟೆ ಎಂಬತ್ತು ಇಟ್ಟು, ಗಲೀಜು ಬಟ್ಟೆಯ ಚೀಲ ಎತ್ತಿಕೊಂಡು ಹೋಗುತ್ತದಂತೆ. ನಾವು ಅಲುಬುವ ಹಾಗೂ ಇಲ್ಲ, ಏನು ಮಾಡಿದೆಯೋ ಅದರ ಸಮೇತ ಡಬ್ಬಕ್ಕೆ ಹಾಕಿದರಾಯಿತು. ಅವರು ದೊಡ್ಡ ಕಾರ್ಖಾನೆಯಲ್ಲಿ ಕುದಿಕುದಿ ನೀರಲ್ಲಿ ಒಗೆದು ಮುಂದಿನ ವಾರ ತರುತ್ತಾರೆ. ಮಗು ಬೆಳೆದ ಹಾಗೆ ಬಟ್ಟೆಯ ಅಳತೆಯೂ ಬೆಳೆಯುತ್ತದೆ. "ಸಬ್‌ಸ್ಕ್ರಿಪ್ಷನ್ ಮಾಡೆಲ್ ಮಾವ! ಬಟ್ಟೆ ನಮ್ಮದಲ್ಲ, ಬಾಡಿಗೆ."

ಹದಿನಾಲ್ಕು ಕಾಲಂಗಳಿದ್ದವು: ದುಡ್ಡು, ನೀರು, ಕರೆಂಟು, ಕಸ, ಚರ್ಮ ಕೆಂಪಾಗುವ ಸಾಧ್ಯತೆ, ವಾಸನೆ, ಅಜ್ಜಿಯ ಅನುಕೂಲ. ಪ್ರತಿಯೊಂದಕ್ಕೂ ಇಷ್ಟು ತೂಕ ಅಂತ ನಿಗದಿ. ಎಲ್ಲ ಕೂಡಿಸಿದರೆ ಸರ್ವೀಸಿಗೆ 71.4, ಡಿಸ್ಪೋಸಬಲ್ಲಿಗೆ 71.2. ಆ ಸೊನ್ನೆ ಪಾಯಿಂಟ್ ಎರಡು ಅವರನ್ನು ಮಲಗಲು ಬಿಡುತ್ತಿರಲಿಲ್ಲ.

ಮುಂದಿನ ಎರಡು ವಾರ ತಿಂಡಿ ಹೊತ್ತಿಗೆ ನಮಗೆ ಲಂಗೋಟಿಯ ಇತಿಹಾಸ. 1946ರಲ್ಲಿ ಮೇರಿಯನ್ ಡೊನೊವನ್ ಅನ್ನುವ ತಾಯಿ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ ಕತ್ತರಿಸಿ, ಹೊಲಿಗೆ ಮಷಿನ್ನಿಗೆ ಕೊಟ್ಟು, ಒದ್ದೆ ಹೊರಗೆ ಇಳಿಯದಂಥ ಕವರು ಹೊಲಿದದ್ದು. 1951ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕದ್ದು. ಆಮೇಲೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ವಿಕ್ಟರ್ ಮಿಲ್ಸ್ ಎಂಬ ಎಂಜಿನಿಯರು. ಮೊಮ್ಮಗುವಿನ ಬಟ್ಟೆ ಬದಲಾಯಿಸುವುದು ಅವರಿಗೆ ಬೇಸರವಂತೆ. ಆ ಬೇಸರದಿಂದ ಹೊರಟದ್ದು 1961ರ ಹೊತ್ತಿಗೆ ಪ್ಯಾಂಪರ್ಸ್ ಆಗಿ ಅಂಗಡಿಗೆ ಬಂತು. ತಾತನಾದವನು ಬೇಸರಪಟ್ಟರೆ ಇಷ್ಟು ದೊಡ್ಡ ವ್ಯಾಪಾರ ಹುಟ್ಟುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಬೇಸರ ಅಂದರೆ ನಮ್ಮಾಕೆ "ಒಂದು ರೌಂಡ್ ವಾಕಿಂಗ್ ಹೋಗ್ಬನ್ನಿ" ಅನ್ನುತ್ತಾಳೆ.

ಒಂದು ಶನಿವಾರ ಪ್ರಯೋಗವೂ ಆಯಿತು. ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಹೊಸ ಡಯಾಪರ್ ಒಂದನ್ನು ಕತ್ತರಿಯಿಂದ ಸೀಳಿದರು. ಒಳಗೆ ಮರದ ತಿರುಳಿನ ಹತ್ತಿ, ಅದರ ನಡುವೆ ಸಕ್ಕರೆಯಂಥ ಸಣ್ಣ ಸಣ್ಣ ಹರಳು. ಸೋಡಿಯಂ ಪಾಲಿಅಕ್ರಿಲೇಟ್ ಅಂತೆ. ಹರಳನ್ನೆಲ್ಲ ಕೊಡವಿ ಬಟ್ಟಲಿಗೆ ಹಾಕಿ, ನನ್ನ ಕಾಫಿ ಲೋಟದಿಂದ ನೀರು ಹುಯ್ದರು. ಒಂದು ಲೋಟ. ಇನ್ನೊಂದು ಲೋಟ. ನೀರು ಎಲ್ಲಿ ಹೋಯಿತೋ! ಬಟ್ಟಲ ತುಂಬ ಮುದ್ದೆಯಾಗಿ, ಹೊಳೆಹೊಳೆಯುತ್ತ, ಅಲುಗಾಡಿಸಿದರೆ ಥರಥರ ನಡುಗುತ್ತ ನಿಂತಿತ್ತು. ಅಳಿಯಂದಿರು ಬಟ್ಟಲನ್ನು ಬೋರಲು ಹಾಕಿ ತೋರಿಸಿದರು. ಒಂದು ತೊಟ್ಟು ಬೀಳಲಿಲ್ಲ. ನಾವು ಚಪ್ಪಾಳೆ ತಟ್ಟಬೇಕಿತ್ತೋ ಏನೋ. ಅವತ್ತು ನಮ್ಮಾಕೆ ಸಬ್ಬಕ್ಕಿ ಪಾಯಸ ಮಾಡಿದ್ದಳು. ಯಾರೂ ಮುಟ್ಟಲಿಲ್ಲ.

ನಿಜವಾದ ಗಂಡಾಂತರ ಬಂದದ್ದು ಇಂಗಾಲದ ವಿಷಯದಲ್ಲಿ. ಬಟ್ಟೆಯೇ ಪರಿಸರಕ್ಕೆ ಒಳ್ಳೆಯದು ಅಂತ ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಇಂಗ್ಲೆಂಡಿನ ಎನ್ವಿರಾನ್ಮೆಂಟ್ ಏಜೆನ್ಸಿಯವರು 2008ರಲ್ಲಿ ಕೂತು ಲೆಕ್ಕ ಹಾಕಿದ್ದಾರಂತೆ. ಎರಡೂವರೆ ವರ್ಷ ಡಿಸ್ಪೋಸಬಲ್ ಹಾಕಿದರೆ ಸುಮಾರು 550 ಕೆ.ಜಿ. ಇಂಗಾಲ, ಬಟ್ಟೆ ಹಾಕಿ ಎಲ್ಲರ ಹಾಗೆ ಮಷಿನ್ನಲ್ಲಿ ಒಗೆದು ಒಣಗಿಸಿದರೆ 570. ಈ ಇಪ್ಪತ್ತು ಕೆ.ಜಿ. ನೋಡಿದ ರಾತ್ರಿ ಅಳಿಯಂದಿರು ಊಟ ಸರಿಯಾಗಿ ಮಾಡಲಿಲ್ಲ. ಬೆಳಿಗ್ಗೆ ಉಲ್ಲಾಸವಾಗಿ ಎದ್ದು ಬಂದರು. ವರದಿಯಲ್ಲಿ ಇನ್ನೂ ಒಂದು ಮಾತು ಸಿಕ್ಕಿತ್ತು. ಒಂದೇ ಸಲಕ್ಕೆ ಮಷಿನ್ ತುಂಬ ಒಗೆದು, ತಂತಿಯ ಮೇಲೆ ಒಣಗಿಸಿ, ಅದೇ ಬಟ್ಟೆಯನ್ನು ಎರಡನೇ ಮಗುವಿಗೂ ಬಳಸಿದರೆ ಇಂಗಾಲ 40% ಇಳಿಯುತ್ತದೆ.

"ಅಂದ್ರೆ, ಎರಡನೇ ಮಗು ಅಂತ ಒಂದು ಪ್ಲಾನ್ ಇದ್ರೆ..." ಅಂತ ಶುರುಮಾಡಿದರು.

ಒಂಬತ್ತು ತಿಂಗಳು ತುಂಬುತ್ತಿದ್ದ ನನ್ನ ಮಗಳು ಸೋಫಾದ ಮೇಲಿಂದ ಕತ್ತು ತಿರುಗಿಸಿ ನೋಡಿದಳು. ಆ ನೋಟಕ್ಕೆ ಕಾಲಂ ಇರಲಿಲ್ಲ. ಅಳಿಯಂದಿರು ಲ್ಯಾಪ್‌ಟಾಪ್ ಮುಚ್ಚಿದರು.

ತಂತಿ ಅಂದೆನಲ್ಲ, ಸಿಯಾಟಲಿನ ನವೆಂಬರಿನಲ್ಲಿ ತಂತಿ ಅನ್ನುವುದೇ ಒಂದು ಆಶಾವಾದ. ಸಂಜೆ ಐದಕ್ಕೆ ಮೊದಲೇ ಕತ್ತಲು. ಮಳೆ ನಮ್ಮೂರಿನ ಹಾಗೆ ಗುಡುಗಿ ಸುರಿದು ಹೋಗುವುದಿಲ್ಲ. ಜಡ್ಡುಗಟ್ಟಿದ ನೆಂಟನ ಹಾಗೆ ದಿನವಿಡೀ ಕೂತಿರುತ್ತದೆ. ಹಸುಗೂಸಿನ ಬಟ್ಟೆಯ ಹಳದಿ ಕಲೆ ಹೋಗಬೇಕಾದರೆ ಬಿಸಿಲೇ ಆಗಬೇಕು ಅಂತ ನಮ್ಮಾಕೆ ದಿನಕ್ಕೆರಡು ಸಲ ಕಿಟಕಿಯಿಂದ ಆಕಾಶ ನೋಡುವಳು.

ತೀರ್ಮಾನ ಆಗುವ ಮೊದಲೇ, ಹೇಳಿದ ತಾರೀಕಿಗಿಂತ ಎರಡು ವಾರ ಮುಂಚೆ, ಮೊಮ್ಮಗಳು ಹುಟ್ಟಿಬಿಟ್ಟಳು. ಆಸ್ಪತ್ರೆಯ ನರ್ಸ್ ಯಾರನ್ನೂ ಕೇಳದೆ, ಹೊಕ್ಕುಳಿನ ಹತ್ತಿರ ಅರ್ಧಚಂದ್ರಾಕಾರ ಕತ್ತರಿಸಿದ್ದ ಪುಟಾಣಿ ಡಿಸ್ಪೋಸಬಲ್ ಒಂದನ್ನು ಸುತ್ತಿ ಕೈಗೆ ಕೊಟ್ಟಳು. ನಾಲ್ಕು ತಿಂಗಳ ಸಂಶೋಧನೆ ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು. ಅಳಿಯಂದಿರು ಕುಸಿದು ಹೋಗುತ್ತಿದ್ದರೋ ಏನೋ, ಅಷ್ಟರಲ್ಲಿ ಆಕೆ ಒಂದು ಕಾಗದ ಕೊಟ್ಟಳು. ಮೊದಲ ದಿನ ಕನಿಷ್ಠ ಒಂದು ಸಲ ಒದ್ದೆಯಾಗಬೇಕು, ಎರಡನೇ ದಿನ ಎರಡು, ಹೀಗೇ ಆರನೇ ದಿನಕ್ಕೆ ಆರು. ಹಾಲು ಸಾಲುತ್ತಿದೆಯೇ ಅಂತ ತಿಳಿಯುವುದು ಇದರಿಂದಲೇ, ಆದ್ದರಿಂದ ತಪ್ಪದೆ ಬರೆದಿಡಿ ಅಂದಳು. ಪರದೇಶದಲ್ಲಿ ನೆಂಟರು ಸಿಕ್ಕ ಹಾಗಾಯಿತು ಅವರಿಗೆ. ಕಾಗದವನ್ನು ಎರಡು ಕೈಯಲ್ಲಿ ತೆಗೆದುಕೊಂಡರು.

ಆ ಡಯಾಪರಿನ ಮೇಲೊಂದು ಹಳದಿ ಗೆರೆ. ಒದ್ದೆಯಾದರೆ ನೀಲಿಯಾಗುತ್ತದೆ. ಅಳಿಯಂದಿರು ಅರ್ಧ ಗಂಟೆಗೊಮ್ಮೆ ಬಗ್ಗಿ ಗೆರೆ ನೋಡುವರು. ನಮ್ಮಾಕೆ ನೇರವಾಗಿ ಬೆರಳು ಹಾಕಿ ನೋಡುವಳು. ಬೆರಳೂ ಗೆರೆಯೂ ಒಂದೇ ಉತ್ತರ ಕೊಟ್ಟರೂ ಅಳಿಯಂದಿರು ಗೆರೆಯನ್ನೇ ನಮೂದಿಸುವರು. "ಅತ್ತೆ, ನಿಮ್ಮದು ಸಬ್ಜೆಕ್ಟಿವ್" ಅಂತ ವಿನಯದಿಂದ ಹೇಳಿದರು. ಅವಳು ಅದನ್ನು ಹೊಗಳಿಕೆ ಅಂದುಕೊಂಡಳು.

ಮನೆಗೆ ಬಂದ ಮೂರನೇ ದಿನ ಸರ್ವೀಸಿನವರ ಮೊದಲ ಮೂಟೆ ಬಂತು. 71.4 ಅನ್ನುವುದು ಸುಮ್ಮನೆ ಮಾತಲ್ಲವಲ್ಲ. ಬೆಳ್ಳಗೆ, ಮೆತ್ತಗೆ, ನಡುವೆ ದಪ್ಪನಾಗಿ ಹೊಲಿದ ಎಂಬತ್ತು ತುಂಡು. ಪಿನ್ನಿನ ಬದಲು ಮೂರು ಕೊಂಬಿನ ರಬ್ಬರಿನ ಕೊಕ್ಕೆ. ನಮ್ಮಾಕೆ ಒಂದನ್ನು ಮೂಗಿನ ಹತ್ತಿರ ಹಿಡಿದು "ಬಿಸಿಲಿನ ವಾಸನೆ ಇಲ್ಲ" ಅಂದಳು. ಅದು ಬಿಟ್ಟರೆ ತಕರಾರಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇದೇನ್ರೀ, ನಮ್ಮೂರ ಮಡಿವಾಳಗಿತ್ತಿ ಬಂದು ಮಾಡ್ತಿದ್ದದ್ದೇ ಅಲ್ವೇ? ವಾರಕ್ಕೊಂದ್ಸಲ ಅಲ್ಲ, ದಿನಾ ಬರ್ತಿದ್ಲು" ಅಂದಳು.

ಬರುತ್ತಿದ್ದಳು. ಹಿತ್ತಲ ಬಾಗಿಲಿಗೆ. ಮೂರು ತಿಂಗಳು ಬಾಣಂತಿಯ ಬಟ್ಟೆ, ಕೂಸಿನ ಬಟ್ಟೆ ಎಲ್ಲ ಒಗೆದು, ಕೊನೆಗೆ ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಒಂದು ಉಟ್ಟ ಸೀರೆ ತೆಗೆದುಕೊಂಡು ಹೋದಳು. ಅವಳ ಹೆಸರೇನು ಅಂತ ಕೇಳಿದೆ. ನಮ್ಮಾಕೆ ತಟ್ಟನೆ ಹೇಳಿದಳು. ಅವಳಿಗೆ ಒಬ್ಬ ಮಗ ಇದ್ದ, ಕಾಲು ಸ್ವಲ್ಪ ಕುಂಟು ಅಂತಲೂ ಹೇಳಿದಳು. ಇಲ್ಲಿ ವ್ಯಾನಿನವನನ್ನು ಅಳಿಯಂದಿರು ಹೆಸರು ಹಿಡಿದು ಕರೆದು, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಲಕೋಟೆಯಲ್ಲಿ ಇಪ್ಪತ್ತು ಡಾಲರ್ ಇಟ್ಟು ಕೊಟ್ಟರು. ಮುಂಬಾಗಿಲಿನಲ್ಲೇ.

ಸರ್ವೀಸಿನ ಕಷ್ಟ ಐದನೇ ದಿನ ಗೊತ್ತಾಯಿತು. ಡಬ್ಬದ ಮುಚ್ಚಳ ತೆಗೆದರೆ ಈರುಳ್ಳಿ ಹೆಚ್ಚದೆಯೇ ಕಣ್ಣಲ್ಲಿ ನೀರು. ಶೀಟಿನಲ್ಲಿ 'ವಾಸನೆ'ಗೆ ಕೊಟ್ಟಿದ್ದ ತೂಕ ಸಾಲದು ಅಂತ ಅಳಿಯಂದಿರು ಅದೇ ದಿನ ತಿದ್ದಿದರು, ಅಂಕ ತಲೆಕೆಳಗಾಯಿತು. ರಾತ್ರಿ ಬಟ್ಟೆ ಕಟ್ಟಿದರೆ ಎರಡು ಗಂಟೆಗೊಮ್ಮೆ ಒದ್ದೆ, ಹಾಸಿಗೆಯೂ ಒದ್ದೆ. ಡಿಸ್ಪೋಸಬಲ್ ಹಾಕಿದರೆ ಕೂಸು ನಾಲ್ಕು ಗಂಟೆ ಮಲಗುತ್ತದೆ. ಮುಂದೆ ಡೇಕೇರಿಗೆ ಬಿಟ್ಟರೆ ಅಲ್ಲಿ ಬಹಳ ಕಡೆ ಬಟ್ಟೆ ಒಪ್ಪುವುದೇ ಇಲ್ಲವಂತೆ. ಹೀಗಾಗಿ ಹಗಲು ಸರ್ವೀಸು, ರಾತ್ರಿ ಡಿಸ್ಪೋಸಬಲ್ ಅಂತ ಯಾರೂ ತೀರ್ಮಾನಿಸದೆ ತೀರ್ಮಾನವಾಯಿತು. ನಿದ್ದೆಗೆಟ್ಟವರ ಕಾನೂನು.

ಒಂದು ರಾತ್ರಿ ಮೂರು ಗಂಟೆಗೆ ಬಚ್ಚಲಿಗೆಂದು ಎದ್ದೆ. ನಡುಮನೆಯಲ್ಲಿ ಸಣ್ಣ ದೀಪ. ಅಳಿಯಂದಿರು ನೆಲದ ಮೇಲೆ ಮಂಡಿಯೂರಿ ಕೂತು, ಒಂದು ಕೈಯಲ್ಲಿ ಕೂಸಿನ ಎರಡೂ ಪಾದ ಸೇರಿಸಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಒರೆಸುತ್ತಿದ್ದರು. ಒರೆಸಿ, ಕಟ್ಟಿ, ಹೆಗಲಿಗೆ ಹಾಕಿಕೊಂಡು, ಹಾಗೇ ಕೂತಲ್ಲೇ ತೂಗುತ್ತ, ಹೆಬ್ಬೆರಳಿನಿಂದ ಫೋನಿನಲ್ಲಿ ಸಮಯ ಒತ್ತಿದರು. ಮಗಳು ಒಳಗೆ ಗಾಢ ನಿದ್ದೆಯಲ್ಲಿದ್ದಳು. ನಾನು ಕೆಮ್ಮದೆ ಹಿಂದಕ್ಕೆ ಹೋಗಿ ಮಲಗಿದೆ. ಬಚ್ಚಲಿಗೆ ಹೋಗುವುದು ಮರೆತೇ ಹೋಗಿತ್ತು.

ನಮ್ಮಾಕೆಯ ಸೂಟ್‌ಕೇಸಿನ ತಳ ಹೊರಗೆ ಬಂದದ್ದು ಒಂದು ಸೋಮವಾರ. ಸರ್ವೀಸಿನ ಬಟ್ಟೆ ಮುಗಿದಿತ್ತು, ವ್ಯಾನು ಬರುವುದು ಬುಧವಾರ, ಡಿಸ್ಪೋಸಬಲ್ಲಿನ ಅಂಚು ಒತ್ತಿ ಕೂಸಿನ ತೊಡೆ ಸಂದು ಕೆಂಪಾಗಿತ್ತು. ನೋಡುನೋಡುತ್ತಲೇ ನನ್ನ ಮೇಲುಕೋಟೆ ಪಂಚೆ ಪರ್ರನೆ ಹರಿಯಿತು. ಚೌಕ ತುಂಡು ಮೂಲೆಗೆ ಮೂಲೆ ಸೇರಿ ತ್ರಿಕೋನವಾಯಿತು, ಕೂಸನ್ನು ಅದರ ಮೇಲೆ ಮಲಗಿಸಿದಳು, ತುದಿ ಕೆಳಗಿಂದ ಮೇಲೆ ಬಂತು, ಎರಡು ಕಿವಿ ಪಕ್ಕದಿಂದ ಬಂದವು, ಹೊಕ್ಕುಳಿಗೆ ತಗಲದ ಹಾಗೆ ಒಂದು ಸಡಿಲು ಗಂಟು. ಹತ್ತು ಎಣಿಸುವಷ್ಟರಲ್ಲಿ ಆಯಿತು. ಒಗೆದದ್ದನ್ನು ಹೀಟರಿನ ಮುಂದೆ ಕುರ್ಚಿಯ ಬೆನ್ನಿಗೆ ಹರವಿದಳು. ಕೆಂಪು ಮೂರು ದಿನದಲ್ಲಿ ಇಳಿಯಿತು. ಡಯಾಪರ್ ಅಂಚು ತಪ್ಪಿದ್ದಕ್ಕೆ ಇಳಿಯಿತೋ, ಕೊಬ್ಬರಿ ಎಣ್ಣೆಗೆ ಇಳಿಯಿತೋ, ನಾನು ವಾದ ಮಾಡುವುದಿಲ್ಲ.

ಅಳಿಯಂದಿರು ಕುರ್ಚಿಯ ಮೇಲಿನ ತುಂಡನ್ನು ಬೆರಳಿನಲ್ಲಿ ಹೊಸಕಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಲ್ಯಾಪ್‌ಟಾಪ್ ತಂದು ನನ್ನ ಪಕ್ಕದಲ್ಲಿ ಕೂತರು.

"ಮಾವ, ನಾಲ್ಕನೇ ಸಾಲು ಸೇರಿಸ್ತಿದ್ದೀನಿ. ಈ ಪಂಚೆ ಎಷ್ಟು ವರ್ಷದ್ದು?"

"ಹದಿನಾಲ್ಕು ವರ್ಷ ಉಟ್ಟಿದ್ದೀನಿ."

"ಎಷ್ಟು ಸಲ ಒಗೆದಿರಬಹುದು? ಸಾಫ್ಟ್‌ನೆಸ್ ಅದರಿಂದಲೇ ಬರೋದು. ಅಂದಾಜು ಹೇಳಿದ್ರೆ ಸಾಕು."

ಅವರ ಮುಖ ನೋಡಿ, ಗೊತ್ತಿಲ್ಲ ಅನ್ನಲು ಮನಸ್ಸಾಗಲಿಲ್ಲ. ಬಾಯಿಗೆ ಬಂದ ಸಂಖ್ಯೆ ಹೇಳಿಬಿಟ್ಟೆ. "ಏಳುನೂರ ಮೂವತ್ತೊಂದು."

ಬೆರಳು ನಿಂತಿತು. ಮದುವೆಯಾದಾಗಿನಿಂದ ನನ್ನನ್ನು ಅಷ್ಟು ಗೌರವದಿಂದ ಅವರು ನೋಡಿದ್ದಿಲ್ಲ. "ನೀವೂ ಲೆಕ್ಕ ಇಡ್ತಿದ್ರಾ ಮಾವ!"

ಒಳಗೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ನಮ್ಮಾಕೆಯ ಗಾಜಿನ ಬಳೆ ಸದ್ದು ನಿಂತಿತು.

"ಅವರನ್ನೇನು ಕೇಳ್ತೀರಿ, ಒಗೆದೋಳನ್ನ ಕೇಳಿ!"