ಹಗಲು ಬೆಲ್ಟಿನ ರಾಯರು

ಸೂಯೆಜ್ ಫಾರಂ ಕಡೆಯಿಂದ ಗಾಳಿ ತಿರುಗಿದರೆ ವಿದ್ಯಾರಣ್ಯಪುರಂನವರು ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಾರೆ. ರಾಯರು ಹೋಗುವುದಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ, ಬಲಗೈಯ ಬೆಲ್ಟು ರಸ್ತೆಗೆ ಕಾಣುವಂತೆ ನಿಂತಿರುತ್ತಾರೆ. ಹಾಲಿನವನೋ ಪೇಪರ್ ಹುಡುಗನೋ "ಏನಾಯ್ತು ಸಾರ್ ಕೈಗೆ?" ಅಂದರೆ ಸಾಕು.

"ಕಾರ್ಪಲ್ ಟನಲ್ ಸಿಂಡ್ರೋಮ್ ಕಣಯ್ಯ! ಮಣಿಕಟ್ಟಲ್ಲೊಂದು ಸುರಂಗ. ಅದರೊಳಗೆ 9 ಸ್ನಾಯುರಜ್ಜು, ಮಧ್ಯೆ ಪಾಪ ಒಂದು ನರ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆ ನೋಡಿದ್ದೀಯಲ್ಲ?"

ಇಂಥವರು ಬಡಾವಣೆಗೊಬ್ಬರು ಇರುತ್ತಾರೆ. ಸರ್ವಿಸಿನಲ್ಲಿ ಸಿಕ್ ಲೀವ್ ಉಳಿಸಿಕೊಂಡು, ರಿಟೈರಾದ ಮೇಲೆ ಕಾಯಿಲೆ ಶುರುಮಾಡುವವರು. ಬಿಪಿ, ಶುಗರ್ ಎಲ್ಲರಿಗೂ ಬಂದು ಸದರವಾಗಿವೆ. ಹೆಸರಲ್ಲೇ ಸುರಂಗವಿರುವ ಕಾಯಿಲೆಯ ಗತ್ತೇ ಬೇರೆ.

ಬೆಲ್ಟು ಮದುವೆಮನೆಗೂ ಬರುತ್ತದೆ. ಪಂಕ್ತಿಯಲ್ಲಿ ಕೂತು ಪರ್ರನೆ ವೆಲ್ಕ್ರೋ ಕಿತ್ತರೆ ಬಡಿಸುವವರಿಗೂ ಕರುಳು ಚುರ್ರೆಂದು ಹೋಳಿಗೆ ಒಂದು ಹೆಚ್ಚೇ ಬೀಳುತ್ತದೆ. ಊಟ ಬಿಟ್ಟರೆ ಬಿಚ್ಚಿಡುವುದು ಮಲಗುವಾಗ ಮಾತ್ರ. ಕತ್ತಲಲ್ಲಿ ಕೇಳುವವರಾದರೂ ಯಾರು? ಆದರೆ ಈ ಕಾಯಿಲೆ ಹೆಚ್ಚು ಕಾಡುವುದೇ ರಾತ್ರಿ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡು ನರ ಅದುಮುತ್ತದೆ. ಅದನ್ನು ನೆಟ್ಟಗೆ ಹಿಡಿದಿಡಲೆಂದೇ ಬೆಲ್ಟು.

ಅದೇ ಮನೆಯಲ್ಲಿ ಅವರ ಹೆಂಡತಿ ಸರಿರಾತ್ರಿ ಎದ್ದು ಕೂತು ಕೈ ಕೊಡವುತ್ತಾರೆ. ಹೆಬ್ಬೆರಳಿನಿಂದ ನಡುಬೆರಳಿನ ತನಕ ಜೋಮು. ಬೆಳಗಾದರೆ ಕಾಯಿ ತುರಿಯಬೇಕು, ಚಪಾತಿ ಹಿಟ್ಟು ನಾದಬೇಕು. ಗೋಡೆಯ ಬಳಿ ನಿಂತು ಸಿಂಡ್ರೋಮ್ ಅನ್ನಲು ಅವರಿಗೆಲ್ಲಿ ಪುರುಸೊತ್ತು?

ಕೊನೆಗೆ ಮಗಳು ಇಬ್ಬರನ್ನೂ ಡಾಕ್ಟರ ಮುಂದೆ ಕೂರಿಸಿದಳು. ಅವರು ಎರಡೂ ಅಂಗೈಗಳ ಹಿಂಬದಿ ಸೇರಿಸಿ, ಬೆರಳು ನೆಲ ನೋಡುವಂತೆ, ಒಂದು ನಿಮಿಷ ಉಲ್ಟಾ ನಮಸ್ಕಾರ ಮಾಡಿಸಿದರು. ಅಮ್ಮನವರಿಗೆ ಅರ್ಧ ನಿಮಿಷಕ್ಕೇ ಜೋಮು ಹತ್ತಿತು. ರಾಯರು ಇನ್ನೂ ಎರಡು ನಿಮಿಷ ನಿಲ್ಲಲು ಸಿದ್ಧ.

"ನಿಮಗೆ ಯಾವ ಬೆರಳು ಸಾರ್?"

"ಕಿರುಬೆರಳು."

"ಅದರ ನರ ಈ ಸುರಂಗದಲ್ಲಿ ಹೋಗೋದೇ ಇಲ್ಲ. ಮೊಣಕೈ ಹಿಂದಿನಿಂದ ಬರುತ್ತೆ. ಮೊಣಕೈ ಊರಿಕೊಂಡು ತುಂಬ ಹೊತ್ತು ಇರ್ತೀರಾ?"

ರಾಯರು ಗೋಡೆಯ ವಿಷಯ ಎತ್ತಲಿಲ್ಲ. ಹೆಂಡತಿ ಎತ್ತಿದರು.

ಡಾಕ್ಟರು ಅಮ್ಮನವರಿಗೆ ಅಳತೆಯ ಬೆಲ್ಟು, ರಾತ್ರಿ ಹೊತ್ತು 6 ವಾರ, ಜೊತೆಗೆ ಥೈರಾಯ್ಡ್, ಶುಗರ್ ಪರೀಕ್ಷೆ ಅಂತ ಬರೆದರು. ರಾಯರು ಬರಿಗೈಯಲ್ಲಿ ಎದ್ದರು. ಬಾಗಿಲ ತನಕ ಹೋದವರು ತಿರುಗಿ, "ನನ್ನದಕ್ಕೆ ಏನಾದರೂ ಹೆಸರಿದೆಯಾ ಡಾಕ್ಟ್ರೇ?" ಎಂದರು.

"ಕ್ಯುಬಿಟಲ್ ಟನಲ್ ಸಿಂಡ್ರೋಮ್ ಅಂತಾರೆ."

"ಅದೂ ಟನಲ್ಲೇ!" ರಾಯರ ಮುಖ ಅರಳಿತು.